ಪದಬಂಧವೋ, ವಾಕಿಂಗೋ, ಕಿವಿ ಮೆಷಿನ್ನೋ? ಮೆದುಳಿನ ಆರೋಗ್ಯಕ್ಕೆ ಯಾವುದನ್ನು ಆರಿಸಿಕೊಳ್ಳೋದು

ಐವತ್ತು ದಾಟಿದವರ ವಾಟ್ಸಾಪ್ ಗುಂಪಿಗೆ ಮೆದುಳಿನ ಬಗ್ಗೆ ಸಲಹೆ ಬರದ ವಾರ ಇರಲಿಕ್ಕಿಲ್ಲ. ನೆನೆಸಿದ ಬಾದಾಮಿ ತಿನ್ನಿ, ಎಡಗೈಲಿ ಹಲ್ಲುಜ್ಜಿ, ದಿನಾ ಸುಡೊಕು ಬಿಡಿಸಿ, ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಿ. ಎಲ್ಲವನ್ನೂ ಮಾಡಲು ಹೊರಟರೆ ದಿನ ಅದರಲ್ಲೇ ಮುಗಿಯುತ್ತದೆ. ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಿಗುವವರು ಇದರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನೋದಷ್ಟೇ ಇಲ್ಲಿನ ವಿಷಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೆದುಳಿಗೆ ಅಂತಲೇ ಹೆಸರಿಟ್ಟು ಮಾರುವ ಸರಕಿಗೆ ಪುರಾವೆ ಕಡಿಮೆ. ಮೆದುಳಿಗೂ ಇದಕ್ಕೂ ಏನು ಸಂಬಂಧ ಅನ್ನಿಸುವ ಕಾಲು, ಕಿವಿ, ಬಿಪಿ, ನಿದ್ದೆ, ಅಕ್ಕಪಕ್ಕದ ಜನ, ಇವಕ್ಕೆ ಪುರಾವೆ ಜಾಸ್ತಿ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಬುದ್ಧಿಶಕ್ತಿ ಕುಂದುತ್ತಾ ಹೋಗುವ ಕಾಯಿಲೆ, ಇದೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಸಮೀಕ್ಷೆಯ ಅಂದಾಜು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ 14 ಕಾರಣಗಳ ಪಟ್ಟಿ ಕೊಟ್ಟಿತು. ಅವೆಲ್ಲವನ್ನೂ ಸರಿಪಡಿಸಿದರೆ ಸುಮಾರು 45% ಡಿಮೆನ್ಷಿಯಾವನ್ನು ತಡೆಯಬಹುದು, ಇಲ್ಲವೇ ಮುಂದೂಡಬಹುದು ಅಂತ ಹೇಳಿತು. ಕಡಿಮೆ ಓದು, ಕಿವಿ ಮಂದವಾಗೋದು, ಕೆಟ್ಟ ಕೊಲೆಸ್ಟ್ರಾಲ್, ಬಿಪಿ, ಶುಗರ್, ಬೊಜ್ಜು, ಬೀಡಿ ಸಿಗರೇಟು, ಅತಿಯಾದ ಕುಡಿತ, ವ್ಯಾಯಾಮ ಇಲ್ಲದಿರೋದು, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ಕೆಟ್ಟ ಗಾಳಿ, ಕಣ್ಣು ಮಂಜಾಗೋದು. ಪಟ್ಟಿಯಲ್ಲಿ ಬಾದಾಮಿಯೂ ಇಲ್ಲ, ಸುಡೊಕುವೂ ಇಲ್ಲ.

ಈ 45% ಇಡೀ ಜನಸಂಖ್ಯೆಯ ಲೆಕ್ಕ. ಎಲ್ಲವನ್ನೂ ಚೆನ್ನಾಗಿ ಪಾಲಿಸಿದವರಿಗೂ ಕಾಯಿಲೆ ಬರುತ್ತದೆ. ಹಾಗೆ ಬಂದವರನ್ನು "ನೀವು ವಾಕಿಂಗ್ ಮಾಡ್ಲಿಲ್ಲ, ಅದಕ್ಕೇ" ಅಂತ ದೂರೋದು ತಪ್ಪು.

ವಾಕಿಂಗ್ ಅಥವಾ ಯೋಗ

ಜನ ಜಾಸ್ತಿ ಕೇಳುವ ಪ್ರಶ್ನೆ ಇದೇ. ಎರಡೂ ಮಾಡಿ ಅನ್ನೋದು ಸುಲಭ, ಆದರೆ ಅದು ಉತ್ತರ ಅಲ್ಲ.

ವಾಕಿಂಗ್ ಕಡೆ ಇರುವ ಪುರಾವೆ ಗಟ್ಟಿ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಚುರುಕಾಗಿ ನಡೆಯಿತು. ಇನ್ನೊಂದು ಗುಂಪು ಮೈ ಸಡಿಲಿಸುವ ವ್ಯಾಯಾಮ ಮಾಡಿತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಅನ್ನುವ ಭಾಗ ಒಂದು ವರ್ಷದ ನಂತರ ನಡೆದವರಲ್ಲಿ ಸುಮಾರು 2% ದೊಡ್ಡದಾಗಿತ್ತು. ಇನ್ನೊಂದು ಗುಂಪಿನಲ್ಲಿ ಅದು ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕು ಅಂತ ಗಾಬರಿ ಬೀಳಬೇಕಾಗಿಲ್ಲ. ಬ್ರಿಟನ್‌ನಲ್ಲಿ 78 ಸಾವಿರಕ್ಕೂ ಹೆಚ್ಚು ಜನರ ಕೈಗೆ ಹೆಜ್ಜೆ ಅಳೆಯುವ ಪಟ್ಟಿ ಕಟ್ಟಿ ನೋಡಿದ ಅಧ್ಯಯನ 2022ರಲ್ಲಿ ಬಂತು. ದಿನಕ್ಕೆ ಸುಮಾರು 9,800 ಹೆಜ್ಜೆ ಹಾಕುವವರಲ್ಲಿ ಡಿಮೆನ್ಷಿಯಾ ಅಪಾಯ ಅರ್ಧದಷ್ಟು ಕಡಿಮೆ ಕಂಡಿತು. ಬರೀ 3,800 ಹೆಜ್ಜೆ ಹಾಕುವವರಲ್ಲೂ ಕಾಲು ಭಾಗ ಕಡಿಮೆ ಇತ್ತು. ಇದು ಕಂಡದ್ದರ ಲೆಕ್ಕ ಮಾತ್ರ. ಮೊದಲೇ ಆರೋಗ್ಯವಾಗಿರುವವರು ಜಾಸ್ತಿ ನಡೆಯುತ್ತಾರೆ ಅನ್ನೋದನ್ನೂ ಸೇರಿಸಿಕೊಂಡೇ ಓದಬೇಕು.

ವೇಗ ಎಷ್ಟಿರಬೇಕು ಅನ್ನೋದಕ್ಕೆ ಗಡಿಯಾರ ಬೇಡ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಪಾರ್ಕಿನಲ್ಲಿ ರಾಜಕೀಯ ಮಾತಾಡುತ್ತಾ ಕೈ ಹಿಂದೆ ಕಟ್ಟಿಕೊಂಡು ಸುತ್ತುವವರನ್ನು ನೋಡಿ. ಅವರು ಒಂದು ಪೂರ್ತಿ ಭಾವಗೀತೆ ಆರಾಮಾಗಿ ಹಾಡಬಲ್ಲರು. ಅದು ತಿರುಗಾಟ. ಮನಸ್ಸಿಗೆ ಒಳ್ಳೇದು, ಎದೆಬಡಿತಕ್ಕೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಅಂತ ಹೇಳುವುದು ಚುರುಕಾದ ನಡಿಗೆಯನ್ನು.

ಯೋಗದ ವಿಷಯಕ್ಕೆ ಬಂದರೆ ಅಧ್ಯಯನಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಚಿಕ್ಕವು. ಕ್ಯಾಲಿಫೋರ್ನಿಯಾದಲ್ಲಿ 55 ದಾಟಿದವರ ಮೇಲೆ 12 ವಾರ ನಡೆದು 2016ರಲ್ಲಿ ಬಹಳ ಸುದ್ದಿಯಾದ ಒಂದು ಪ್ರಯೋಗದಲ್ಲಿ ಇದ್ದವರು 25 ಜನ. ಯೋಗ ಮತ್ತು ಧ್ಯಾನ ಮಾಡಿದವರ ನೆನಪು, ನೆನಪಿನ ತರಬೇತಿ ಪಡೆದವರಷ್ಟೇ ಸುಧಾರಿಸಿತು. ಮನಸ್ಸಿನ ಭಾರ ಕಡಿಮೆಯಾದದ್ದು ಯೋಗದವರಲ್ಲಿ. ಭರವಸೆ ಇಡಬಹುದು, ತೀರ್ಪು ಕೊಡುವಷ್ಟಲ್ಲ.

ಹಾಗಾಗಿ ನಾನು ಹೀಗೆ ವಿಂಗಡಿಸುತ್ತೇನೆ. ದಿನವಿಡೀ ಕೂತು ಕೆಲಸ ಮಾಡುವವರು, ಬಿಪಿ ಶುಗರ್ ಗಡಿಯಲ್ಲಿ ಇರುವವರು ವಾಕಿಂಗ್ ಹಿಡಿಯಿರಿ. ಮನಸ್ಸು ಸದಾ ಕುದಿಯುತ್ತಿದ್ದರೆ, ರಾತ್ರಿ ನಿದ್ದೆ ಹತ್ತದಿದ್ದರೆ ಯೋಗ, ಪ್ರಾಣಾಯಾಮದಿಂದ ಶುರು ಮಾಡಿ. ಒಂಟಿ ಕಾಲಲ್ಲಿ ನಿಲ್ಲಲು ತಡಬಡಾಯಿಸುವ ವಯಸ್ಸಿನವರಿಗೂ ಯೋಗ ಬೇಕು. ಸಮತೋಲನ ಇದ್ದರೆ ಬೀಳೋದು ಕಡಿಮೆ, ಬಿದ್ದು ತಲೆಗೆ ಪೆಟ್ಟಾಗೋದೂ ಕಡಿಮೆ. ಮಂಡಿ ನೋವಿನವರು ಸೈಕಲ್ ಅಥವಾ ಈಜು ನೋಡಬಹುದು. ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮವೂ ಇದೆ. ಫುಟ್‌ಪಾತ್ ಸರಿಯಿಲ್ಲದ ಬಡಾವಣೆಯಲ್ಲಿ ಟೆರೇಸೋ ದೇವಸ್ಥಾನದ ಹೊರಾಂಗಣವೋ ಸಾಕು. ಬಸ್ಸು ಲಾರಿ ಓಡಾಡುವ ಮೇನ್ ರೋಡಿನಲ್ಲಿ ಮಾತ್ರ ನಡೆಯಬೇಡಿ. ಕೆಟ್ಟ ಗಾಳಿಯೂ ಆ ಹದಿನಾಲ್ಕರಲ್ಲಿ ಒಂದು.

ತಲೆಗೆ ಪೆಟ್ಟಿನ ಮಾತು ಬಂದದ್ದಕ್ಕೆ ಇನ್ನೊಂದು. ಸ್ಕೂಟರಿನ ಹಿಂದೆ ಕೂರುವ ಅಮ್ಮನಿಗೆ ಬಾದಾಮಿ ನೆನೆಸಿ ಕೊಡುವ ಮಗ, ಒಂದು ಗಟ್ಟಿ ಹೆಲ್ಮೆಟ್ ಕೊಡಿಸೋದು ಮೊದಲು. ಅರ್ಧ ಟೋಪಿಯಂಥದ್ದು ಪೊಲೀಸರಿಗೆ ತೋರಿಸಲಷ್ಟೇ.

ಐದು ಗಂಟೆಗೆ ಏಳೋದು ಅಥವಾ ಮಲಗಿರೋದು

ವಾಕಿಂಗ್ ಅಂದರೆ ಬೆಳಗಿನ ಜಾವವೇ ಆಗಬೇಕು ಅಂತ ನಮ್ಮಲ್ಲಿ ಒಂದು ನಂಬಿಕೆ. ರಾತ್ರಿ ಧಾರಾವಾಹಿ, ಊಟ, ಆಮೇಲೆ ಮೊಬೈಲು, ಮಲಗುವಾಗ ಹನ್ನೆರಡು. ಐದಕ್ಕೆ ಅಲಾರಂ. ನಡೆದ ಪುಣ್ಯ ನಿದ್ದೆಯ ಸಾಲಕ್ಕೆ ಹೋಯಿತು.

ಬ್ರಿಟನ್‌ನ ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಬಂತು. ಸುಮಾರು 8,000 ಜನ. ಐವತ್ತು, ಅರವತ್ತರ ವಯಸ್ಸಿನಲ್ಲಿ ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುವವರಲ್ಲಿ, ಏಳು ಗಂಟೆ ಮಲಗುವವರಿಗಿಂತ ಡಿಮೆನ್ಷಿಯಾ 30% ಜಾಸ್ತಿ ಕಂಡಿತು. ಇಲ್ಲೂ ಕಾರಣ ಇದೇ ಅಂತ ಆಣೆ ಮಾಡಿ ಹೇಳಲಾಗದು. ಆದರೂ ಏಳು ಗಂಟೆ ನಿದ್ದೆ ಆಗದವರಿಗೆ ನನ್ನ ಸಲಹೆ ಸ್ಪಷ್ಟ: ವಾಕಿಂಗನ್ನು ಸಂಜೆಗೆ ಹಾಕಿ. ಮಲಗೋದನ್ನು ಬೇಗ ಮಾಡಲಾದರೆ ಬೆಳಿಗ್ಗೆಯೇ ಹೋಗಿ, ತಕರಾರಿಲ್ಲ.

ಗೋಡೆ ನಡುಗುವಂತೆ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುವವರದ್ದು ಬೇರೆ ಕಥೆ. ಅದಕ್ಕೆ ನಿದ್ದೆಯ ಪರೀಕ್ಷೆ ಇದೆ. ಅರಿಸಿನದ ಹಾಲು ಸಾಲದು.

ಪದಬಂಧ, ಆ್ಯಪ್, ಅಥವಾ ಹೊಸ ಕಲಿಕೆ

ಇಪ್ಪತ್ತು ವರ್ಷದಿಂದ ಒಂದೇ ಪತ್ರಿಕೆಯ ಪದಬಂಧ ತುಂಬುವವರನ್ನು ಪಕ್ಕದಲ್ಲಿ ಕೂತು ನೋಡಬೇಕು. ಸುಳಿವು ಪೂರ್ತಿ ಓದೋದೇ ಇಲ್ಲ. "ಆನೆ" ಅಂತ ಕಂಡರೆ ಮೂರು ಮನೆಗೆ ಪೆನ್ನು ತಾನಾಗೇ "ವಾರಣ" ಬರೆಯುತ್ತದೆ, ಎರಡು ಮನೆ ಇದ್ದರೆ "ಕರಿ", ನಾಲ್ಕಿದ್ದರೆ "ಮಾತಂಗ"ಕ್ಕೆ ಒಂದು ಅಕ್ಷರ ಸಾಲದು ಅಂತ ಗೊಣಗುತ್ತಾ ಮುಂದಿನ ಸುಳಿವಿಗೆ ಹೋಗುತ್ತಾರೆ. ಕಾಫಿ ಮುಗಿಯುವಷ್ಟರಲ್ಲಿ ಪದಬಂಧ ಮುಗಿದಿರುತ್ತದೆ. ಖುಷಿಯ ಕೆಲಸ, ಬಿಡಬೇಡಿ. ಆದರೆ ತಲೆಗೆ ಅಲ್ಲಿ ಈಗ ಹೊಸ ಕೆಲಸ ಉಳಿದಿಲ್ಲ.

ಮೊಬೈಲಿನ "ಬ್ರೈನ್ ಟ್ರೈನಿಂಗ್" ಆಟಗಳ ಬಗ್ಗೆ ಇನ್ನೂ ಹುಷಾರಾಗಿರಬೇಕು. ಲುಮಾಸಿಟಿ ಅನ್ನುವ ಹೆಸರಾಂತ ಆ್ಯಪ್‌ನ ಕಂಪನಿ, ಮರೆವನ್ನು ತಡೆಯುತ್ತೇವೆ ಎಂಬಂಥ ಜಾಹೀರಾತಿಗೆ ಆಧಾರ ಸಾಲದು ಅನ್ನುವ ಆರೋಪದ ಮೇಲೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಹಾಗಂತ ಎಲ್ಲ ತರಬೇತಿಯೂ ಸುಳ್ಳಲ್ಲ. ಆಕ್ಟಿವ್ ಎಂಬ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 65 ದಾಟಿದ 2,800 ಜನರನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪಿಗೆ ನೆನಪು, ತರ್ಕ, ಕಂಡದ್ದನ್ನು ಗ್ರಹಿಸುವ ವೇಗ ಇವುಗಳಲ್ಲಿ ಒಂದೊಂದರ ತರಬೇತಿ ಕೊಟ್ಟರು. ಯಾವುದನ್ನು ಅಭ್ಯಾಸ ಮಾಡಿದರೋ ಹೆಚ್ಚಾಗಿ ಅದರಲ್ಲೇ ಸುಧಾರಣೆ ಕಂಡಿತು. ವೇಗದ ತರಬೇತಿ ಪಡೆದವರಲ್ಲಿ ಮುಂದೆ ಡಿಮೆನ್ಷಿಯಾ ಸ್ವಲ್ಪ ಕಡಿಮೆ ಅನ್ನುವ ಲೆಕ್ಕವೂ ಆಮೇಲೆ ಬಂತು. ದುಡ್ಡು ಕೊಟ್ಟು ಆ್ಯಪ್ ತಗೊಳ್ಳಲು ಇಷ್ಟು ಸಾಕೇ? ನನಗಂತೂ ಸಾಲದು. ಆ ದುಡ್ಡಿಗೆ ಒಂದು ಜೊತೆ ಒಳ್ಳೆ ಶೂ ಬರುತ್ತದೆ.

ಹೊಸ ಕಲಿಕೆ ಅನ್ನೋದು ಈ ಮೂರರಲ್ಲಿ ಕಷ್ಟದ್ದು. ಅದಕ್ಕೇ ನನಗೆ ಇಷ್ಟ. 2003ರಲ್ಲಿ ನ್ಯೂಯಾರ್ಕಿನಿಂದ ಬಂದ ಒಂದು ಅಧ್ಯಯನ 75 ದಾಟಿದ 469 ಜನರನ್ನು ಐದು ವರ್ಷ ಗಮನಿಸಿತ್ತು. ಓದುವವರು, ಮಣೆಯ ಆಟ ಆಡುವವರು, ವಾದ್ಯ ನುಡಿಸುವವರು, ನೃತ್ಯ ಮಾಡುವವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿತು. ನೃತ್ಯವನ್ನು ಗಮನಿಸಿ. ಕೋಲಾಟಕ್ಕೆ ನಿಂತವರು ಹೆಜ್ಜೆ ನೆನಪಿಡಬೇಕು, ತಾಳ ಕೇಳಬೇಕು, ಎದುರಿನವರ ಕೋಲಿಗೆ ಸರಿಯಾದ ಗಳಿಗೆಯಲ್ಲಿ ಕೋಲು ಕೊಡಬೇಕು, ಆಮೇಲೆ ಜಾಗ ಬದಲಿಸಬೇಕು. ತಪ್ಪಿದರೆ ಬೆರಳಿಗೆ ಏಟು. ಕಾಲು, ಕಿವಿ, ನೆನಪು, ಜೊತೆಗಾರರು, ಎಲ್ಲಕ್ಕೂ ಒಂದೇ ಸಲ ಕೆಲಸ. ಯಾವ ಆ್ಯಪ್‌ನಲ್ಲೂ ಇದು ಸಿಗೋದಿಲ್ಲ.

ಭಾಷೆಯ ಮಾತೂ ಇದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಚರ್ಚೆಯಾಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಶುರುವಾದದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದುಬರಹ ಇಲ್ಲದವರಲ್ಲೂ ಈ ವ್ಯತ್ಯಾಸ ಇತ್ತು. ಅಲ್ಲಾಡಿ ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಕನ್ನಡದ ಜೊತೆ ತುಳು, ಕೊಂಕಣಿ, ತೆಲುಗು, ಉರ್ದು ಆಡುತ್ತಾ ಬೆಳೆದವರಿಗೆ ಇದೊಂದು ಒಳ್ಳೆ ಸುದ್ದಿ. ಅರವತ್ತರಲ್ಲಿ ಕಲಿತ ಭಾಷೆಗೂ ಇಷ್ಟೇ ಫಲವೇ ಅಂತ ಈ ಅಧ್ಯಯನ ಹೇಳೋದಿಲ್ಲ. ಆದರೂ ಬೀದರಿನಿಂದ ಮಂಗಳೂರಿಗೆ ಮಗಳ ಮನೆಗೆ ಬಂದ ಅಜ್ಜಿ ತುಳು ಕಲಿತರೆ ಲಾಭವೇ. ಬೇರೇನಿಲ್ಲದಿದ್ದರೂ ಪಕ್ಕದ ಮನೆಯವರ ಜೊತೆ ಮಾತು ಶುರುವಾಗುತ್ತದೆ.

ಟಿವಿ ಸೌಂಡ್ ಜಾಸ್ತಿ ಮಾಡೋದು ಅಥವಾ ಕಿವಿ ತೋರಿಸೋದು

ಈ ಬರಹದಲ್ಲಿ ಒಂದನ್ನೇ ಓದುತ್ತೀರಿ ಅಂದರೆ ಇದನ್ನು ಓದಿ. ಲ್ಯಾನ್ಸೆಟ್ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಇರುವ ಎರಡರಲ್ಲಿ ಕಿವಿ ಮಂದವಾಗೋದು ಒಂದು, ಕೆಟ್ಟ ಕೊಲೆಸ್ಟ್ರಾಲ್ ಇನ್ನೊಂದು. ಆ 45ರಲ್ಲಿ ಎರಡರದ್ದೂ ತಲಾ 7. ಆದರೆ ನಮ್ಮಲ್ಲಿ ಕನ್ನಡಕಕ್ಕೆ ಇಲ್ಲದ ನಾಚಿಕೆ ಕಿವಿ ಮೆಷಿನ್‌ಗೆ ಇದೆ.

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನೋಡಿ. ಪಕ್ಕದವರು "ಮಗಳು ಎಲ್ಲಿದ್ದಾಳೆ ಈಗ?" ಅಂತ ಕೇಳುತ್ತಾರೆ. ದೊಡ್ಡಪ್ಪ ನಕ್ಕು, "ಆಯ್ತು ಆಯ್ತು, ಸಾಕು" ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಏನೋ ಕೇಳಿದರು ಅಂದುಕೊಂಡಿದ್ದಾರೆ. ಹೀಗೆ ಎರಡು ಸಲ ಆದಮೇಲೆ ಮದುವೆಗೆ ಬರೋದೇ ಕಡಿಮೆ ಮಾಡುತ್ತಾರೆ. ಮನೆಯವರು "ಅವರಿಗೆ ಈಗ ಮರೆವು, ಏನೂ ತಲೆಗೆ ಹೋಗಲ್ಲ" ಅಂತಾರೆ. ತಲೆಗೆ ಹೋಗುವ ಮುಂಚೆ ಕಿವಿಗೆ ಹೋಗಬೇಕಲ್ವಾ?

ಪುರಾವೆಯನ್ನು ಇದ್ದ ಹಾಗೇ ಹೇಳಬೇಕು. 2023ರಲ್ಲಿ ಬಂದ ಅಚೀವ್ ಎಂಬ ಅಮೆರಿಕದ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನ ಇದ್ದರು. ಅರ್ಧ ಜನಕ್ಕೆ ಹಿಯರಿಂಗ್ ಏಡ್, ಉಳಿದವರಿಗೆ ಆರೋಗ್ಯದ ಪಾಠ. ಮೂರು ವರ್ಷದ ನಂತರ ಒಟ್ಟಾರೆ ನೋಡಿದರೆ ವ್ಯತ್ಯಾಸ ಇರಲಿಲ್ಲ. ಆದರೆ ಬಿಪಿ, ಶುಗರ್‌ನಂಥ ಅಪಾಯ ಜಾಸ್ತಿ ಇದ್ದ, ವಯಸ್ಸೂ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಶಕ್ತಿ ಇಳಿಯುವ ವೇಗ 48% ಕಡಿಮೆಯಾಗಿತ್ತು. ನಮ್ಮ ಎಷ್ಟೋ ಹಿರಿಯರು ಈ ಅಪಾಯ ಜಾಸ್ತಿ ಇರುವ ಗುಂಪಿನವರೇ.

ಮೊದಲು ಕಿವಿಯ ಗುಗ್ಗೆ ತೆಗೆಸಿ. ಕೆಲವರ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಆಮೇಲೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ. ಮೆಷಿನ್‌ನ ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸರ್ಕಾರಿ ಜಾಗದಲ್ಲಿ ಪರೀಕ್ಷೆ ಮಾಡಿಸಿದರೆ, ಅಂಗಡಿಯವರ ಮಾತಿಗೆ ಸಿಕ್ಕಿಕೊಳ್ಳದೆ ನಿರ್ಧಾರ ಮಾಡಬಹುದು. ಬಡ ಹಿರಿಯರಿಗೆ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ ಕನ್ನಡಕ, ಊರುಗೋಲಿನ ಜೊತೆ ಕಿವಿ ಮೆಷಿನ್ನೂ ಉಂಟು. ಹಾಕಿದ ಮೊದಲ ಕೆಲವು ವಾರ ಹಿಂಸೆ. ಸಿಂಕಿನಲ್ಲಿ ಸ್ಟೀಲ್ ತಟ್ಟೆ ಬಿದ್ದರೆ ಎದೆ ಹಾರುತ್ತದೆ, ಫ್ಯಾನಿನ ಸದ್ದು ಮಾತಿಗಿಂತ ಜೋರು ಅನ್ನಿಸುತ್ತದೆ. ಹೆಚ್ಚಿನವರು ಇಲ್ಲೇ ತೆಗೆದು ಡಬ್ಬಿಗೆ ಹಾಕೋದು. ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ, ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಹೋಗಿ ಮತ್ತೆ ಸರಿ ಮಾಡಿಸಿಕೊಂಡರೆ ಒಗ್ಗುತ್ತದೆ.

ಮಾತ್ರೆ ಡಬ್ಬಿ ಅಥವಾ ತಟ್ಟೆ

ಇದನ್ನು ಬೇಗ ಮುಗಿಸೋಣ. ಗಿಂಕೊ ಬಿಲೋಬ ಎಂಬ ಎಲೆಯ ಮಾತ್ರೆಯನ್ನು 3,000ಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ ಪ್ರಯೋಗ 2008ರಲ್ಲಿ ಮುಗಿಯಿತು. ಡಿಮೆನ್ಷಿಯಾ ಕಡಿಮೆಯಾಗಲಿಲ್ಲ. ಮೆದುಳಿಗಾಗಿ ಬಿ, ಇ ವಿಟಮಿನ್ನು, ಮೀನೆಣ್ಣೆಯಂಥವನ್ನು ಶಿಫಾರಸು ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಬಿ12 ಕೊರತೆ ಇರುವವರ ವಿಷಯ ಬೇರೆ. ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ, ಮರೆವೂ ತರಬಹುದು. ರಕ್ತ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಡಾಕ್ಟರ್ ಹೇಳಿದಂತೆ ತಗೊಳ್ಳಿ.

ಊಟದ ಪ್ರಯೋಗಗಳೂ ದೊಡ್ಡ ಪವಾಡ ತೋರಿಸಿಲ್ಲ. ಸೊಪ್ಪು, ಬೆರಿ ಹಣ್ಣು, ಒಣಬೀಜಗಳ "ಮೈಂಡ್" ಆಹಾರ ಕ್ರಮವನ್ನು 604 ಜನರ ಮೇಲೆ ಮೂರು ವರ್ಷ ಪರೀಕ್ಷಿಸಿದಾಗ, ಸುಮ್ನೆ ಊಟ ಸ್ವಲ್ಪ ಕಡಿಮೆ ಮಾಡಿದವರಿಗಿಂತ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದು 2023ರ ಮಾತು. ಹಾಗಾಗಿ ದುಬಾರಿ ಬ್ಲೂಬೆರಿ ತರಿಸಬೇಕಾಗಿಲ್ಲ. ಬಿಪಿ ಶುಗರ್ ಹಿಡಿತದಲ್ಲಿಡುವ ಊಟವೇ ಮೆದುಳಿನ ಊಟ. ಬಸ್ಸಾರು, ಮೊಳಕೆ ಕಾಳು, ಅಗಸಿ ಚಟ್ನಿ, ಕರಾವಳಿಯವರಿಗೆ ಬಂಗುಡೆ ಬೂತಾಯಿ, ಎಲ್ಲವೂ ಸೈ. ತೊಂದರೆ ಇರೋದು ಅನ್ನದ ರಾಶಿಯಲ್ಲಿ, ಉಪ್ಪಿನಕಾಯಿ ಹಪ್ಪಳದಲ್ಲಿ. ದಿನಕ್ಕೆ ಐದು ಗ್ರಾಂ ಉಪ್ಪು ಅಂದರೆ ಒಂದು ಟೀ ಚಮಚ, ಇಡೀ ದಿನಕ್ಕೆ. ಒಂದೆಲಗದ ತಂಬುಳಿ? ಖಂಡಿತ ತಿನ್ನಿ, ಬೇಸಿಗೆಗೆ ಅದಕ್ಕಿಂತ ಒಳ್ಳೇದು ಯಾವುದಿದೆ? ನೆನಪಿನ ಶಕ್ತಿಯ ಭಾರವನ್ನು ಅದರ ಮೇಲೆ ಹೊರಿಸಬೇಡಿ.

ಒಂದೇ ಸಾಕೇ, ಎಲ್ಲ ಸೇರಿಸಬೇಕೇ

ಫಿನ್ಲೆಂಡಿನ ಫಿಂಗರ್ ಎಂಬ ಪ್ರಯೋಗ ಎಲ್ಲವನ್ನೂ ಸೇರಿಸಿ ನೋಡಿತು. 60ರಿಂದ 77ರ 1,260 ಜನ, ಎರಡು ವರ್ಷ. ಒಂದು ಗುಂಪಿಗೆ ಊಟ, ವ್ಯಾಯಾಮ, ಮೆದುಳಿನ ತರಬೇತಿ, ಬಿಪಿ ಶುಗರ್ ಮೇಲೆ ಕಣ್ಣು, ಎಲ್ಲವೂ ಒಟ್ಟಿಗೆ. ಇನ್ನೊಂದಕ್ಕೆ ಮಾಮೂಲಿ ಸಲಹೆ. ನೆನಪು, ಬುದ್ಧಿಶಕ್ತಿಯ ಪರೀಕ್ಷೆಗಳ ಒಟ್ಟು ಅಂಕದ ಸುಧಾರಣೆ ಮೊದಲ ಗುಂಪಿನಲ್ಲಿ 25% ಜಾಸ್ತಿ ಅಂತ 2015ರಲ್ಲಿ ವರದಿಯಾಯಿತು. ಅಮೆರಿಕದಲ್ಲಿ 2,111 ಜನರ ಮೇಲೆ ಇಂಥದ್ದೇ ಪ್ರಯೋಗ ನಡೆದು 2025ರಲ್ಲಿ ಫಲಿತಾಂಶ ಬಂತು. ನಿಯಮಿತವಾಗಿ ಗುಂಪು ಸೇರಿ ಮಾಡಿದವರೂ ಸುಧಾರಿಸಿದರು, ತಮ್ಮಷ್ಟಕ್ಕೆ ತಾವು ಮಾಡಿಕೊಂಡವರೂ ಸುಧಾರಿಸಿದರು. ಗುಂಪಿನವರದ್ದು ಸ್ವಲ್ಪ ಮುಂದೆ.

ಇವೆಲ್ಲ ಹೊರಗಿನ ಜನರ ಲೆಕ್ಕ ಅನ್ನೋದು ನಿಜ. ನಮ್ಮವರದ್ದೇ ಲೆಕ್ಕ ತೆಗೆಯಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ 45 ದಾಟಿದ ಜನರನ್ನು ವರ್ಷವರ್ಷವೂ ಪರೀಕ್ಷಿಸುತ್ತಿದೆ.

ಆರಿಸಿಕೊಳ್ಳುವಾಗ ನಿಮ್ಮಲ್ಲಿ ಯಾವುದು ಇಲ್ಲ ಅಂತ ನೋಡಿ. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ವಾಕಿಂಗ್ ಹೇಳೋದು ತಮಾಷೆ. ಅವರು ಬಿಪಿ ನೋಡಿಸಿಕೊಳ್ಳಲಿ, ಬೀಡಿ ಬಿಡಲಿ. ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಬೇಕಾದ್ದು ಜನ. ಕೆಳಗಿನ ಭಜನೆ ಗುಂಪೋ, ಸಂಜೆಯ ಚೌಕಾಬಾರವೋ ಹುಡುಕಿಕೊಡಿ. ಅಮೆರಿಕದಲ್ಲಿರುವ ಮಕ್ಕಳು ಅಪ್ಪನಿಗೆ ಸ್ಮಾರ್ಟ್ ವಾಚ್ ಕಳಿಸುವ ಮೊದಲು ಕಿವಿ ಪರೀಕ್ಷೆಯ ಅಪಾಯಿಂಟ್‌ಮೆಂಟ್ ಮಾಡಿಸಲಿ. ವಿಡಿಯೋ ಕಾಲ್‌ನಲ್ಲಿ ಅಪ್ಪ ಎರಡೇ ನಿಮಿಷಕ್ಕೆ "ಅಮ್ಮಂಗೆ ಕೊಡ್ತೀನಿ" ಅಂತ ಫೋನ್ ದಾಟಿಸುತ್ತಿದ್ದರೆ ಅದೇ ಸುಳಿವು.

ಇಲ್ಲಿ ಹೇಳಿದ್ದೆಲ್ಲ ಆರೋಗ್ಯವಾಗಿರುವವರಿಗೆ. ಬಿಪಿ ಶುಗರ್ ಮಾತ್ರೆ ನಿಲ್ಲಿಸಿ ಅಂತ ಅರ್ಥವೂ ಅಲ್ಲ. ಕೀಲಿ ಎಲ್ಲಿಟ್ಟೆ ಅಂತ ಮರೆಯೋದು ಎಲ್ಲರಿಗೂ ಇದ್ದದ್ದೇ. ದಿನಾ ಹೋಗುವ ದಾರಿ ತಪ್ಪೋದು, ಅಂಗಡಿ ಲೆಕ್ಕ ತಿಳಿಯದೇ ಹೋಗೋದು, ಕೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಕೇಳೋದು, ಸ್ವಭಾವವೇ ಬದಲಾಗೋದು ಕಂಡರೆ ನರರೋಗ ತಜ್ಞರ ಹತ್ತಿರ ಹೋಗಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳಿನ ಆರೋಗ್ಯ ಕಾರ್ಯಕ್ರಮದ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ತಗೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಒಯ್ಯಿರಿ. ದಿನಾ ಜೊತೆಗಿರುವವರೊಬ್ಬರು ಜೊತೆ ಬರಲಿ. ಕನ್ನಡಕ, ಕಿವಿ ಮೆಷಿನ್ ಇದ್ದರೆ ಹಾಕಿಕೊಂಡೇ ಹೋಗಿ. ಪ್ರಶ್ನೆ ಕೇಳಿಸದೆ ತಪ್ಪು ಉತ್ತರ ಕೊಟ್ಟರೆ ಅದೂ ಮರೆವಿನ ಲೆಕ್ಕಕ್ಕೇ ಸೇರಿಬಿಡುತ್ತದೆ.